ಆಯವ್ಯಯ ಸಭೆಗೆ ಬರುವ ಮುನ್ನ ಓದಿಕೊಳ್ಳಬೇಕಾದ ಲೆಕ್ಕ



ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 241ರ ಅನ್ವಯ ಪ್ರತಿಯೊಂದು ಗ್ರಾಮ ಪಂಚಾಯತಿಯು ಫೆಬ್ರವರಿ 1 ರಿಂದ ಮಾರ್ಚ್ 10 ರೊಳಗೆ ಮುಂದಿನ ಆರ್ಥಿಕ ವರ್ಷದ ಆಯವ್ಯಯವನ್ನು ಸಿದ್ಧಪಡಿಸಿ, ಸಭೆಯಲ್ಲಿ ಅಂಗೀಕರಿಸಿ, ತಾಲ್ಲೂಕು ಪಂಚಾಯತಿಗೆ ಸಲ್ಲಿಸತಕ್ಕದ್ದು. ಆಯವ್ಯಯದ ನಮೂನೆ ಹಾಗೂ ಲೆಕ್ಕಶೀರ್ಷಿಕೆಗಳನ್ನು 2006ರ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ನಿಗದಿಪಡಿಸಿವೆ. ಪಂಚತಂತ್ರ ತಂತ್ರಾಂಶದಲ್ಲಿ ಅದೇ ನಮೂನೆ ಅಳವಡಿಕೆಯಾಗಿದೆ. ಆದುದರಿಂದ ನಮೂನೆ ತುಂಬುವ ಬಗೆಯನ್ನು ಇಲ್ಲಿ ವಿವರಿಸುವುದಿಲ್ಲ. ಅದು ಕಚೇರಿಯ ಕೆಲಸ. ತುಂಬಿದ ನಮೂನೆಯನ್ನು ಸದಸ್ಯರು ಹೇಗೆ ಓದಬೇಕು, ಯಾವ ಸಾಲಿನಲ್ಲಿ ನಿಂತು ಪ್ರಶ್ನೆ ಕೇಳಬೇಕು ಎಂಬುದಷ್ಟೇ ಈ ಪಾಠದ ವಿಷಯ.

2025-26ನೇ ಸಾಲಿನ ಆಯವ್ಯಯಕ್ಕೆ ಎರಡು ವಿಶೇಷಗಳಿದ್ದವು. 2020ರ ಡಿಸೆಂಬರ್ ತಿಂಗಳಿನ ಚುನಾವಣೆಯಲ್ಲಿ ಆಯ್ಕೆಯಾಗಿ ಬಂದ ಸದಸ್ಯರಿಗೆ ಅದು ತಮ್ಮ ಅವಧಿಯಲ್ಲಿ ಅಂಗೀಕರಿಸುವ ಕೊನೆಯ ಆಯವ್ಯಯವಾಗಿತ್ತು. ಹಾಗೆಯೇ ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನ ಅವಧಿಯೂ 2026ರ ಮಾರ್ಚ್ 31ರವರೆಗೆ ಮಾತ್ರ ಇತ್ತು. ಆ ವರ್ಷ ಹೊಸದಾಗಿ ಹೊತ್ತುಕೊಂಡ ಮಾಸಿಕ ಖರ್ಚು ಯಾವುದೇ ಇರಲಿ, ಅದನ್ನು ತೀರಿಸುವವರು ಮುಂದಿನ ಸದಸ್ಯರು. ಅವರ ಕೈಗೆ ಯಾವ ಅನುದಾನ ಎಷ್ಟು ಬರುತ್ತದೆ ಎಂಬುದು ಆಗ ನಿಶ್ಚಯವಾಗಿರಲಿಲ್ಲ. ಸಭೆಯಲ್ಲಿ ಹೊಸ ಹುದ್ದೆ, ಹೊಸ ವಾಹನ, ಹೊಸ ಕೊಳವೆಬಾವಿ ಎಂಬ ಮಾತು ಬಂದಾಗ ಇದು ನೆನಪಿರಬೇಕು.

ಇದರಲ್ಲಿ ನಮ್ಮ ಹಣ ಎಷ್ಟು?

ನಮ್ಮ ಪಂಚಾಯತಿಯ ಸದಸ್ಯರೊಬ್ಬರು ಆಯವ್ಯಯದ ಪ್ರತಿಯನ್ನು ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆ ಇದು. ಇದಕ್ಕಿಂತ ಒಳ್ಳೆಯ ಆರಂಭದ ಪ್ರಶ್ನೆ ನನಗೆ ತಿಳಿದಿಲ್ಲ. ಆಯವ್ಯಯದ ಒಟ್ಟು ಮೊತ್ತ ಕೋಟಿ ದಾಟಿರಬಹುದು. ಆದರೆ ಅದರಲ್ಲಿ ಸದಸ್ಯರ ತೀರ್ಮಾನಕ್ಕೆ ಒಳಪಡುವ ಭಾಗ ಬಹಳ ಚಿಕ್ಕದು.

ಮೊದಲು ಉದ್ಯೋಗ ಖಾತರಿಯ ಮೊತ್ತವನ್ನು ಬದಿಗಿಡಿ. ಕೂಲಿ ನೇರವಾಗಿ ಕಾರ್ಮಿಕರ ಖಾತೆಗೆ ಹೋಗುತ್ತದೆ. ಪಂಚಾಯತಿಯ ಖಾತೆಯ ಮೂಲಕ ಹಾದುಹೋಗುವುದಿಲ್ಲ. ನಂತರ ಗ್ರಂಥಾಲಯ ಕರ, ಭಿಕ್ಷುಕರ ಕರಗಳನ್ನು ಬದಿಗಿಡಿ. ಮನೆ ಕಂದಾಯದ ರಸೀದಿಯಲ್ಲೇ ಇವು ವಸೂಲಾಗುತ್ತವೆಯಾದರೂ ಸಂಬಂಧಿಸಿದ ಇಲಾಖೆಗೆ ಪಾವತಿಸಬೇಕಾದ ಹಣವಿದು. ಇವುಗಳನ್ನು ಸ್ವಂತ ಆದಾಯವೆಂದು ಖರ್ಚು ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಬಾಕಿ ಹೊಣೆಯಾಗಿ ವರ್ಷ ವರ್ಷವೂ ಬೆಳೆಯುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ನಮ್ಮದೇ ಇಲಾಖೆಯ ಅಡಿಯಲ್ಲಿವೆ ಎಂಬ ಕಾರಣಕ್ಕೆ ಆ ಕರದ ಹೊಣೆ ಇಲ್ಲವಾಗುವುದಿಲ್ಲ.

ಆರಂಭಿಕ ಶಿಲ್ಕನ್ನೂ ಇದೇ ಕಣ್ಣಿನಿಂದ ನೋಡಬೇಕು. ಏಪ್ರಿಲ್ 1ಕ್ಕೆ ಬ್ಯಾಂಕಿನಲ್ಲಿ ಉಳಿದಿರುವ ಹಣದ ದೊಡ್ಡ ಪಾಲು ಹಿಂದಿನ ವರ್ಷದಲ್ಲಿ ಖರ್ಚಾಗದೆ ಉಳಿದ ನಿರ್ಬಂಧಿತ ಅನುದಾನವಾಗಿರುತ್ತದೆ. ಪಾಸ್‌ಬುಕ್ಕಿನಲ್ಲಿ ಹದಿನಾಲ್ಕು ಲಕ್ಷ ಕಂಡಿತೆಂದು ರಸ್ತೆಗೆ ಬೇಡಿಕೆ ಇಡುವ ಮೊದಲು, ಅದು ಯಾವ ಯೋಜನೆಯ ಹದಿನಾಲ್ಕು ಲಕ್ಷ ಎಂದು ಕೇಳಬೇಕು. ಶಿಲ್ಕನ್ನು ಯೋಜನಾವಾರು ವಿಂಗಡಿಸಿ ಕೊಡುವಂತೆ ಕಚೇರಿಯನ್ನು ಕೇಳುವುದು ಸದಸ್ಯರ ಹಕ್ಕು.

2025-26ರವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ನಿರ್ಬಂಧಿತ, ಶೇ. 40ರಷ್ಟು ಅನಿರ್ಬಂಧಿತ ಆಗಿತ್ತು. ನಿರ್ಬಂಧಿತ ಭಾಗದಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಹಾಗೂ ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯ ಮತ್ತು ಬಯಲು ಬಹಿರ್ದೆಸೆ ಮುಕ್ತ ಸ್ಥಿತಿಯ ನಿರ್ವಹಣೆಗೆ. ಒಂದು ಬಾಬಿನ ಅಗತ್ಯ ಪೂರ್ಣವಾಗಿ ಈಡೇರಿದೆ ಎಂದು ಗ್ರಾಮ ಸಭೆ ದೃಢೀಕರಿಸಿ ಮೇಲಿನ ಹಂತದಲ್ಲಿ ಅದು ಒಪ್ಪಿಗೆಯಾದರೆ ಮಾತ್ರ ಆ ಹಣವನ್ನು ಇನ್ನೊಂದು ಬಾಬಿಗೆ ಬಳಸಬಹುದಿತ್ತು. ಅನಿರ್ಬಂಧಿತ ಭಾಗವನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಾಗಿದ್ದರೂ ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನವಿದೆ. ವಿದ್ಯುತ್ ಬಿಲ್ಲು ಮೊದಲಾದ ಕಡ್ಡಾಯ ವೆಚ್ಚಗಳಿಗೆ ಅದರ ಆಸರೆಯುಂಟು, ಆದರೆ ಕಡ್ಡಾಯ ವೆಚ್ಚವೆಲ್ಲ ಅದರಲ್ಲೇ ಮುಗಿಯುತ್ತದೆ ಎಂದು ನಂಬಿ ಆಯವ್ಯಯ ಮಾಡಲಾಗದು.

ಹೀಗೆ ಒಂದೊಂದಾಗಿ ಬದಿಗಿಡುತ್ತ ಹೋದರೆ ಕೊನೆಗೆ ಉಳಿಯುವುದು ಸ್ವಂತ ಸಂಪನ್ಮೂಲ: ಪ್ರಕರಣ 199ರ ಅಡಿಯ ಕಟ್ಟಡ ಮತ್ತು ನಿವೇಶನ ತೆರಿಗೆ, ನೀರಿನ ದರ, ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಹರಾಜು ಇತ್ಯಾದಿ. ಇದರಲ್ಲಿಯೂ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಹಾಗೂ ವಿಕಲಚೇತನರ ಕಲ್ಯಾಣಕ್ಕೆ ಚಾಲ್ತಿಯಲ್ಲಿರುವ ಸರ್ಕಾರಿ ಆದೇಶಗಳಂತೆ ಪಾಲನ್ನು ಮೀಸಲಿಡತಕ್ಕದ್ದು. ಈ ಪಾಲು ಕಾಗದದಲ್ಲಿ ಮಾತ್ರ ಉಳಿದು ಮಾರ್ಚ್ ಕೊನೆಯ ವಾರದಲ್ಲಿ ತರಾತುರಿಯಿಂದ ಖರ್ಚಾಗುವುದನ್ನು ಎಲ್ಲರೂ ಬಲ್ಲೆವು. ಏಪ್ರಿಲ್‌ನಿಂದ ವಸೂಲಾದಷ್ಟಕ್ಕೆ ತಕ್ಕಂತೆ ತಿಂಗಳು ತಿಂಗಳೂ ಪ್ರತ್ಯೇಕ ಖಾತೆಗೆ ವರ್ಗಾಯಿಸುವಂತೆ ಆಯವ್ಯಯ ಸಭೆಯಲ್ಲೇ ನಿರ್ಣಯ ಮಾಡಿಸಿಕೊಳ್ಳುವುದು ಸೂಕ್ತ.

ಬೇಡಿಕೆಯೇ ಆದಾಯವಲ್ಲ

ಆಯವ್ಯಯ ಹಾಳಾಗುವುದು ಹೆಚ್ಚಾಗಿ ಆದಾಯದ ಪುಟದಲ್ಲಿ. ಒಂದು ಕಲ್ಪಿತ ಪಂಚಾಯತಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಜನಸಂಖ್ಯೆ 6,000, 400 ಜನಸಂಖ್ಯೆಗೆ ಒಬ್ಬರಂತೆ 15 ಮಂದಿ ಸದಸ್ಯರು, 1,200 ನಳ ಸಂಪರ್ಕಗಳು. ಮನೆ ಕಂದಾಯದ ಚಾಲ್ತಿ ಬೇಡಿಕೆ 9 ಲಕ್ಷ, ಹಳೆಯ ಬಾಕಿ 6 ಲಕ್ಷ, ಒಟ್ಟು 15 ಲಕ್ಷ ರೂಪಾಯಿ. ನೀರಿನ ದರ ತಿಂಗಳಿಗೆ 60 ರೂಪಾಯಿಯಂತೆ ವರ್ಷದ ಬೇಡಿಕೆ 8,64,000 ರೂಪಾಯಿ. ಬಾಡಿಗೆ, ಶುಲ್ಕ ಮೊದಲಾದ ಇತರೆ ಬಾಬು 1,80,000 ರೂಪಾಯಿ. ಈ ಮೂರನ್ನೂ ಕೂಡಿಸಿ 25,44,000 ರೂಪಾಯಿ ಸ್ವಂತ ಆದಾಯವೆಂದು ಬರೆಯುವುದು ರೂಢಿ.

ಈಗ ಅದೇ ಪಂಚಾಯತಿಯ ಬೇಡಿಕೆ, ವಸೂಲಿ, ಬಾಕಿ ವಹಿಯನ್ನು ತೆರೆಯೋಣ. ಕಳೆದ ಮೂರು ವರ್ಷಗಳಲ್ಲಿ ಕಂದಾಯದಿಂದ ಬಂದದ್ದು ಕ್ರಮವಾಗಿ 6.2, 6.6 ಮತ್ತು 7 ಲಕ್ಷ, ಸರಾಸರಿ 6.6 ಲಕ್ಷ. ನೀರಿನ ದರದಿಂದ ಬಂದದ್ದು 3.2 ಲಕ್ಷ. ಇತರೆ ಬಾಬು ಪೂರ್ಣ ಬಂದಿದೆ ಎಂದಿಟ್ಟುಕೊಂಡರೂ ನಿಜವಾಗಿ ಕೈಗೆ ಬರುವುದು 11,60,000 ರೂಪಾಯಿ. ಕಾಗದಕ್ಕೂ ಕೈಗೂ ನಡುವಿನ ಅಂತರ 13,84,000 ರೂಪಾಯಿ.

ಈ ಅಂತರವನ್ನು ಯಾರು ಹೊರುತ್ತಾರೆ? ಸಭೆಯಲ್ಲಿ 25 ಲಕ್ಷಕ್ಕೆ ಖರ್ಚು ಅಂಗೀಕಾರವಾಗಿರುತ್ತದೆ. ಕಾಮಗಾರಿ ಮಾಡಿದವರು ಬಿಲ್ಲು ಹಿಡಿದು ಕಚೇರಿಯ ಮುಂದೆ ನಿಲ್ಲುತ್ತಾರೆ. ಅವರಿಗೆ ದನಿಯಿದೆ, ಅವರ ಬೆನ್ನಿಗೆ ಸದಸ್ಯರಿರುತ್ತಾರೆ. ದನಿಯಿಲ್ಲದವರು ನೀರುಗಂಟಿ ಮತ್ತು ಸ್ವಚ್ಛತಾ ಸಿಬ್ಬಂದಿ. ಅವರ ಬಾಕಿ ಮುಂದಕ್ಕೆ ಹೋಗುತ್ತದೆ. ವಿದ್ಯುತ್ ಕಂಪನಿಯ ಬಾಕಿ ಮುಂದಕ್ಕೆ ಹೋಗುತ್ತದೆ, ಬಡ್ಡಿ ಸೇರುತ್ತದೆ. ಉಬ್ಬಿದ ಆದಾಯದ ಅಂಕಿಯು ಕೇವಲ ಲೆಕ್ಕದ ದೋಷವೆಂದು ನಾನು ಭಾವಿಸುವುದಿಲ್ಲ. ಮೇ ತಿಂಗಳಿನಲ್ಲಿ ಬಾರದ ನೀರಾಗಿ ಅದು ಊರಿಗೆ ಮರಳುತ್ತದೆ.

ಆದುದರಿಂದ ಆದಾಯದ ಪುಟದಲ್ಲಿ ಬೇಡಿಕೆಯ ಪಕ್ಕದಲ್ಲಿ ಮೂರು ವರ್ಷಗಳ ವಾಸ್ತವ ವಸೂಲಿಯನ್ನು ಬರೆಯಿಸಿಕೊಳ್ಳಿ. ಸರಾಸರಿಗಿಂತ ಹೆಚ್ಚು ನಿರೀಕ್ಷಿಸುವುದಾದರೆ ಕಾರಣವೂ ಜೊತೆಯಲ್ಲಿರಲಿ: ಇ-ಸ್ವತ್ತಿನಲ್ಲಿ ಹೊಸದಾಗಿ ದಾಖಲಾದ ಆಸ್ತಿಗಳು ಎಷ್ಟು, ತೆರಿಗೆ ವ್ಯಾಪ್ತಿಗೆ ಬಾರದ ಮೊಬೈಲ್ ಗೋಪುರ, ಕಲ್ಯಾಣ ಮಂಟಪ, ಕೋಳಿ ಸಾಕಣೆ ಶೆಡ್ಡು, ಗೋದಾಮುಗಳು ಎಷ್ಟು, ದೊಡ್ಡ ಬಾಕಿದಾರರು ಯಾರು. ದೊಡ್ಡ ಬಾಕಿದಾರರ ಪಟ್ಟಿಯನ್ನು ಸಭೆಯಲ್ಲಿ ಓದುವಾಗ ಕೊಠಡಿಯಲ್ಲಿ ಒಂದಿಷ್ಟು ಮೌನ ಆವರಿಸುವುದುಂಟು. ಆದರೂ ಓದಿಸಬೇಕು.

ನೀರು ಮತ್ತು ದೀಪದ ಲೆಕ್ಕ

ಖರ್ಚಿನ ಪುಟದಲ್ಲಿ ಸಾಮಾನ್ಯವಾಗಿ ಚರ್ಚೆಯೇ ಆಗದೆ ಅಂಗೀಕಾರವಾಗುವ ಸಾಲು ವಿದ್ಯುತ್ ವೆಚ್ಚ. ಬಂದ ಬಿಲ್ಲನ್ನು ಕಟ್ಟಲೇಬೇಕಲ್ಲ ಎಂಬ ಭಾವನೆಯಿಂದ ಎಲ್ಲರೂ ಮುಂದಿನ ಪುಟಕ್ಕೆ ಹೋಗುತ್ತಾರೆ. ಲೇಖಕನು ಎಂಜಿನಿಯರಿಂಗ್ ಓದಿದವನಾದ್ದರಿಂದ ಈ ಸಾಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಕೋರುತ್ತೇನೆ.

ಮೇಲಿನ ಕಲ್ಪಿತ ಪಂಚಾಯತಿಯಲ್ಲಿ 7.5 ಅಶ್ವಶಕ್ತಿಯ 10 ಕೊಳವೆಬಾವಿ ಮೋಟಾರುಗಳಿವೆ ಎಂದುಕೊಳ್ಳೋಣ. ಒಂದು ಅಶ್ವಶಕ್ತಿ ಎಂದರೆ 0.746 ಕಿಲೋವ್ಯಾಟ್, ಮೋಟಾರಿನ ನಷ್ಟವನ್ನೂ ಸೇರಿಸಿದರೆ ಒಂದೊಂದು ಮೋಟಾರು ಗಂಟೆಗೆ ಸುಮಾರು 7 ಯೂನಿಟ್ ವಿದ್ಯುತ್ ಎಳೆಯುತ್ತದೆ. ದಿನಕ್ಕೆ 8 ಗಂಟೆ ಓಡಿದರೆ ಹತ್ತು ಮೋಟಾರುಗಳಿಗೆ 560 ಯೂನಿಟ್, ತಿಂಗಳಿಗೆ 16,800 ಯೂನಿಟ್. ದರವನ್ನು ಲೆಕ್ಕದ ಅನುಕೂಲಕ್ಕಾಗಿ ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟರೆ ತಿಂಗಳಿಗೆ 1,00,800 ರೂಪಾಯಿ, ವರ್ಷಕ್ಕೆ 12,09,600 ರೂಪಾಯಿ. ನಿಮ್ಮ ಪಂಚಾಯತಿಯ ನಿಜವಾದ ದರ ಬಿಲ್ಲಿನ ಮೇಲೆಯೇ ಇರುತ್ತದೆ. ಅದನ್ನು ಹಾಕಿ ಲೆಕ್ಕ ಮಾಡಿಕೊಳ್ಳಿ.

ಇಷ್ಟು ಹೊತ್ತು ಓಡಬೇಕೇ? ಜಲ ಜೀವನ್ ಮಿಷನ್ ಪ್ರಕಾರ ತಲಾ ದಿನಕ್ಕೆ 55 ಲೀಟರ್ ನೀರು ಒದಗಿಸಬೇಕು. 6,000 ಜನರಿಗೆ ಬೇಕಾದದ್ದು 3,30,000 ಲೀಟರ್. ದಾರಿಯಲ್ಲಿ ಐದನೆಯ ಒಂದು ಭಾಗ ಸೋರಿಹೋಗುತ್ತದೆ ಎಂದು ಉದಾರವಾಗಿ ಒಪ್ಪಿದರೂ 4,12,500 ಲೀಟರ್ ಎತ್ತಿದರೆ ಸಾಕು. ಪ್ರತಿ ಕೊಳವೆಬಾವಿ ಸೆಕೆಂಡಿಗೆ 2 ಲೀಟರ್ ಕೊಡುತ್ತದೆಯಾದರೆ ಹತ್ತೂ ಸೇರಿ ಗಂಟೆಗೆ 72,000 ಲೀಟರ್. ಆರು ಗಂಟೆಯಲ್ಲಿ 4,32,000 ಲೀಟರ್. ಅಂದರೆ ಉಳಿದ ಎರಡು ಗಂಟೆಯ ನೀರು ತುಂಬಿ ಹರಿಯುವ ತೊಟ್ಟಿಗೆ, ತಿರುಪು ಕಿತ್ತುಹೋದ ನಳಕ್ಕೆ, ಒಡೆದ ಕೊಳವೆಗೆ ಹೋಗುತ್ತಿದೆ. ಆ ಎರಡು ಗಂಟೆಗೆ ವರ್ಷಕ್ಕೆ ತೆರುವ ವಿದ್ಯುತ್ ವೆಚ್ಚ 3,02,400 ರೂಪಾಯಿ. ಇಡೀ ಪಂಚಾಯತಿ ನೀರಿನ ದರವೆಂದು ವಸೂಲು ಮಾಡಿದ್ದು 3,20,000 ರೂಪಾಯಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಕೊಳವೆಬಾವಿಯ ಇಳುವರಿ ಎಲ್ಲೆಡೆ ಒಂದೇ ಇರುವುದಿಲ್ಲ, ಬೇಸಿಗೆಯಲ್ಲಿ ಕುಸಿಯುತ್ತದೆ. ಅದಕ್ಕಾಗಿಯೇ ಪ್ರತಿ ಕೊಳವೆಬಾವಿಯ ಇಳುವರಿಯನ್ನು ಅಳೆದು ಬರೆದಿಡಬೇಕು. 200 ಲೀಟರಿನ ಒಂದು ಡ್ರಮ್ಮು, ಒಂದು ಕೈಗಡಿಯಾರ ಇದ್ದರೆ ಸಾಕು. ಡ್ರಮ್ಮು 100 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್. ನೀರುಗಂಟಿಗಳು ಇದನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸಬಲ್ಲರು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರು ಜೊತೆಗಿದ್ದರೆ ಅಂಕಿಯ ಮೇಲೆ ಸಭೆಯಲ್ಲಿ ತಕರಾರೂ ಬರುವುದಿಲ್ಲ.

ಬೀದಿದೀಪದ ಲೆಕ್ಕ ಇನ್ನೂ ಸರಳ. 20 ವ್ಯಾಟಿನ 400 ಎಲ್‌ಇಡಿ ದೀಪಗಳು ರಾತ್ರಿ 12 ಗಂಟೆ ಉರಿದರೆ ದಿನಕ್ಕೆ 96 ಯೂನಿಟ್. ಸ್ವಿಚ್ಚಿಲ್ಲದೆ ನೇರವಾಗಿ ತಂತಿಗೆ ಕೊಂಡಿ ಹಾಕಿ ಹಗಲೂ ಉರಿದರೆ ಅದರ ಎರಡರಷ್ಟು. ಹಗಲಿನ ಬೆಳಕಿಗೆ ಮೇಲಿನ ದರದಲ್ಲಿಯೇ ವರ್ಷಕ್ಕೆ 2,07,360 ರೂಪಾಯಿ. ದೀಪ ಬದಲಿಸಲು ಲಕ್ಷಗಟ್ಟಲೆ ಒದಗಿಸಿ, ಸಮಯ ನಿಯಂತ್ರಕ ಸ್ವಿಚ್ಚಿಗೆ ಒಂದು ರೂಪಾಯಿಯನ್ನೂ ಒದಗಿಸದ ಆಯವ್ಯಯಗಳನ್ನು ನೋಡಿದ್ದೇನೆ.

ದರ ಏರಿಸಬೇಕೆ ಎಂಬ ಚರ್ಚೆ

ನೀರಿನ ದರದ ವಿಷಯ ಬಂದಾಗ ಸಭೆ ಎರಡಾಗುತ್ತದೆ. ಏರಿಸದಿದ್ದರೆ ಯೋಜನೆ ನಡೆಯದು ಎನ್ನುವವರಿಗೂ, ಕೂಲಿಯವರ ಮೇಲೆ ಹೊರೆ ಹಾಕಬೇಡಿ ಎನ್ನುವವರಿಗೂ ಅವರವರ ನ್ಯಾಯವಿದೆ. ಆದರೆ ಇಬ್ಬರೂ ಅಂಕಿಯಿಲ್ಲದೆ ಮಾತನಾಡುತ್ತಾರೆ.

ಉದಾಹರಣೆಯ ಪಂಚಾಯತಿಯಲ್ಲಿ 12,09,600 ರೂಪಾಯಿ ವಿದ್ಯುತ್ ವೆಚ್ಚವನ್ನು 1,200 ಸಂಪರ್ಕಗಳಿಗೆ, 12 ತಿಂಗಳಿಗೆ ಹಂಚಿದರೆ ಒಂದು ಮನೆಗೆ ತಿಂಗಳಿಗೆ 84 ರೂಪಾಯಿ. ದರ ಇರುವುದು 60. ಇಷ್ಟನ್ನೇ ನೋಡಿದರೆ ಏರಿಸಲೇಬೇಕು ಎನಿಸುತ್ತದೆ. ಆದರೆ ಮೋಟಾರನ್ನು ಆರು ಗಂಟೆಗೆ ಇಳಿಸಿದರೆ ವೆಚ್ಚ 9,07,200 ರೂಪಾಯಿಗೆ ಇಳಿದು ಮನೆಯೊಂದಕ್ಕೆ 63 ರೂಪಾಯಿಯಾಗುತ್ತದೆ. ಸೋರಿಕೆಯ ಬೆಲೆಯನ್ನು ದರ ಕಟ್ಟುವವರ ಮೇಲೆ ಹಾಕುವ ಮೊದಲು ಸೋರಿಕೆ ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಅಂಶ: ಬೇಡಿಕೆ 8,64,000 ಇದ್ದು ವಸೂಲಿ 3,20,000 ಇರುವಲ್ಲಿ ದರ ಏರಿಸಿದರೆ ಈಗಾಗಲೇ ತಪ್ಪದೆ ಕಟ್ಟುತ್ತಿರುವ ಮನೆಗಳಿಗೆ ಮಾತ್ರ ಏರಿಕೆಯಾಗುತ್ತದೆ. ಕಟ್ಟದವರಿಗೆ 60 ಆದರೇನು, 90 ಆದರೇನು. ನೀರುಗಂಟಿಯ ವೇತನ, ದುರಸ್ತಿ, ಕ್ಲೋರಿನೀಕರಣದ ವೆಚ್ಚಗಳು ಇದರ ಮೇಲೆ ಇರುವುದರಿಂದ ದರ ಪರಿಷ್ಕರಣೆ ಎಂದಾದರೊಂದು ದಿನ ಅನಿವಾರ್ಯ. ಆದರೆ ಕ್ರಮ ಹೀಗಿರಲಿ: ಮೊದಲು ಗಂಟೆ, ನಂತರ ವಸೂಲಿ, ಆಮೇಲೆ ದರ.

ನಳವೇ ಸರಿಯಾಗಿ ತಲುಪದ ಕೇರಿಯಿಂದ ದರ ಕೇಳುವುದು ನ್ಯಾಯವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕೊಳವೆಯ ತುದಿಯಲ್ಲಿರುವ, ಎತ್ತರದಲ್ಲಿರುವ ಮನೆಗಳಿಗೆ ಒತ್ತಡ ಸಾಲದು. ಅನೇಕ ಊರುಗಳಲ್ಲಿ ಆ ತುದಿ ಇರುವುದು ಪರಿಶಿಷ್ಟರ ಕಾಲೋನಿಯಲ್ಲಿ. ನಿರ್ಬಂಧಿತ ಅನುದಾನದ ನೀರಿನ ಭಾಗವನ್ನು ಹಂಚುವಾಗ ಹೊಸ ಕೊಳವೆಬಾವಿಗಿಂತ ಮೊದಲು ಈ ತುದಿಗಳ ಕವಾಟ, ಪ್ರತ್ಯೇಕ ಕೊಳವೆ ಮಾರ್ಗ ಇವುಗಳನ್ನು ಪರಿಗಣಿಸಬೇಕು. ಗಂಟೆ ಕಡಿತ ಮಾಡುವಾಗಲೂ ಮೊದಲು ಒಣಗುವುದು ಇದೇ ಮನೆಗಳ ನಳ. ಆದ್ದರಿಂದ ಕಡಿತದ ನಿರ್ಣಯವನ್ನು ಸೋರಿಕೆ ದುರಸ್ತಿ ಹಾಗೂ ಕವಾಟ ಅಳವಡಿಕೆಯ ಹಣದೊಂದಿಗೆ ಒಟ್ಟಿಗೇ ಮಾಡತಕ್ಕದ್ದು.

ಸಮಪಾಲು ಎಂಬ ಅಭ್ಯಾಸ

ಅನಿರ್ಬಂಧಿತ ಅನುದಾನವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ಹಂಚಿಕೊಳ್ಳುವುದು ಬಹುತೇಕ ಕಡೆ ಬೇರೂರಿದೆ. ಇದರಿಂದ ಜಗಳ ತಪ್ಪುತ್ತದೆ ಎಂಬುದು ನಿಜ. ಹಿಂದೆ ಪ್ರಭಾವಿಯ ವಾರ್ಡಿಗೇ ಎಲ್ಲ ಹಣ ಹೋಗುತ್ತಿದ್ದಾಗ ಮೀಸಲು ಸ್ಥಾನದಿಂದ ಬಂದ ಸದಸ್ಯರಿಗೆ ಸಮಪಾಲು ಒಂದು ರಕ್ಷಣೆಯೂ ಆಗಿತ್ತು. ಆದುದರಿಂದ ಇದನ್ನು ಸಾರಾಸಗಟಾಗಿ ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಲೆಕ್ಕ ನೋಡಿ. 30 ಲಕ್ಷದ ಅನುದಾನದಲ್ಲಿ ಶೇ. 40 ಎಂದರೆ 12 ಲಕ್ಷ. ಹದಿನೈದು ಸದಸ್ಯರಿಗೆ ತಲಾ 80 ಸಾವಿರ. ಚರಂಡಿ ಎಂದರೆ ನೀರು ಹರಿದು ಹೋಗಿ ಸೇರುವ ಒಂದು ಜಾಗವಿರಬೇಕು. 80 ಸಾವಿರದ ಚರಂಡಿ ನಾಲ್ಕು ಮನೆಗಳ ಮುಂದೆ ಆರಂಭವಾಗಿ ಐದನೆಯ ಮನೆಯ ಬಾಗಿಲಿಗೆ ಕೊಳಚೆಯನ್ನು ಒಪ್ಪಿಸಿ ನಿಲ್ಲುತ್ತದೆ. ಮುಂದಿನ ವರ್ಷ ಅಲ್ಲಿಂದ ಮುಂದುವರಿಸುವ ಹೊತ್ತಿಗೆ ಹಿಂದಿನದು ಹೂಳು ತುಂಬಿರುತ್ತದೆ.

ಪರ್ಯಾಯವೆಂದರೆ ಸರದಿ. ಈ ವರ್ಷ ಮೂರು ಜನವಸತಿಗಳಲ್ಲಿ ಆರಂಭದಿಂದ ಅಂತ್ಯದವರೆಗೆ ಪೂರ್ಣ ಕಾಮಗಾರಿ, ಮುಂದಿನ ವರ್ಷ ಮತ್ತೆ ಮೂರರಲ್ಲಿ. ಸರದಿಯ ಕ್ರಮವನ್ನು ಜನವಸತಿ ಸಭೆ, ವಾರ್ಡ್ ಸಭೆಗಳ ಬೇಡಿಕೆ ಮತ್ತು ಅಗತ್ಯದ ತೀವ್ರತೆಯ ಮೇಲೆ ನಿಗದಿಪಡಿಸಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಅವಧಿ ಮುಗಿಯುವ ವರ್ಷದಲ್ಲಿ ಇದನ್ನು ಒಪ್ಪಿಸುವುದು ಕಷ್ಟವೆಂದು ಬಲ್ಲೆ: ಸರದಿಯಲ್ಲಿ ಹಿಂದಿರುವ ಸದಸ್ಯರು ಮುಂದಿನ ವರ್ಷ ಸದಸ್ಯರಾಗಿಯೇ ಇರಲಿಕ್ಕಿಲ್ಲ. ಅಂಥ ಕಡೆ ಕನಿಷ್ಠ ಮೊತ್ತವನ್ನು ಎಲ್ಲ ವಾರ್ಡುಗಳ ದುರಸ್ತಿಗೆ ಇಟ್ಟು ಉಳಿದುದನ್ನು ಒಂದೆರಡು ಪೂರ್ಣ ಕಾಮಗಾರಿಗೆ ಕೂಡಿಸುವುದು ಮಧ್ಯದ ದಾರಿ. ಉದ್ಯೋಗ ಖಾತರಿಯಲ್ಲಿ ಮಾಡಬಹುದಾದ ಕೆರೆ ಹೂಳು, ಬದು, ಶಾಲಾ ಆವರಣದ ಕೆಲಸಗಳಿಗೆ ಈ ಹಣ ಹಾಕಬಾರದು. ಅವು ಕಾರ್ಮಿಕ ಆಯವ್ಯಯದಲ್ಲಿ ಗ್ರಾಮ ಸಭೆಯ ಮೂಲಕ ಹೋಗಲಿ.

ಗ್ರಾಮ ಸಭೆಯಲ್ಲಿ ತಯಾರಾದ ಯೋಜನೆಗೂ ಆಯವ್ಯಯಕ್ಕೂ ಸಂಬಂಧವೇ ಇಲ್ಲದಿರುವುದು ಇನ್ನೊಂದು ಕೊರತೆ. ಅಕ್ಟೋಬರ್‌ನಿಂದ ನಡೆದ ಸಭೆಗಳಲ್ಲಿ ಜನ ಕೇಳಿದ್ದು ಇ-ಗ್ರಾಮಸ್ವರಾಜ್‌ನಲ್ಲಿರುತ್ತದೆ, ಪಂಚಾಯತಿ ಅಂಗೀಕರಿಸಿದ್ದು ಪಂಚತಂತ್ರದಲ್ಲಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಮಹಿಳಾ ಗ್ರಾಮ ಸಭೆಯಲ್ಲಿ ಕೇಳಿದ ಶೌಚಾಲಯ, ಮಕ್ಕಳ ಗ್ರಾಮ ಸಭೆಯಲ್ಲಿ ಕೇಳಿದ ಶಾಲೆಯ ನೀರಿನ ತೊಟ್ಟಿ ಬಹುತೇಕ ಸಣ್ಣ ಮೊತ್ತದವು, ಸಣ್ಣವಾದ್ದರಿಂದಲೇ ಬಿಟ್ಟುಹೋಗುತ್ತವೆ.

ಸಭೆಯ ದಿನ

ಆಯವ್ಯಯದ ಕರಡು ಪ್ರತಿ ಸಭೆಯ ದಿನ ಮೇಜಿನ ಮೇಲೆ ಸಿಕ್ಕರೆ ಚರ್ಚೆ ಸಾಧ್ಯವಿಲ್ಲ. ಸಭಾ ಸೂಚನಾಪತ್ರದೊಂದಿಗೆ ಪ್ರತಿಯನ್ನೂ ಕೇಳಿ ಪಡೆಯಿರಿ. ಅದಕ್ಕೂ ಮೊದಲು ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿಯಲ್ಲಿ ಅದು ಸಾಲು ಸಾಲಾಗಿ ಪರಿಶೀಲನೆಯಾಗಿರಬೇಕು. ಸಭೆಯಲ್ಲಿ ಆದಾಯದ ಪುಟ ಮುಗಿಯುವವರೆಗೆ ಖರ್ಚಿನ ಪುಟವನ್ನು ತೆರೆಯದಂತೆ ಅಧ್ಯಕ್ಷರನ್ನು ವಿನಂತಿಸಿಕೊಳ್ಳಿ. ಕಾಮಗಾರಿಯ ಮಾತು ಒಮ್ಮೆ ಆರಂಭವಾದರೆ ಆದಾಯದ ಕಡೆಗೆ ಯಾರೂ ಮರಳುವುದಿಲ್ಲ. ಕಡ್ಡಾಯ ವೆಚ್ಚಗಳಾದ ವೇತನ, ವಿದ್ಯುತ್, ನೀರಿನ ನಿರ್ವಹಣೆ, ಮೀಸಲು ಪಾಲು, ಕರ ಪಾವತಿ ಇವು ಮೊದಲು ಅಂಗೀಕಾರವಾಗಲಿ. ಒಪ್ಪದ ಸದಸ್ಯರ ಭಿನ್ನಾಭಿಪ್ರಾಯವನ್ನು ಕಾರಣಸಹಿತ ನಡಾವಳಿಯಲ್ಲಿ ದಾಖಲಿಸುವಂತೆ ಕೇಳಬಹುದು. ಅದು ಜಗಳವಲ್ಲ, ಮುಂದಿನ ವರ್ಷದ ಸಭೆಗೆ ಆಧಾರ.

ವರ್ಷದ ನಡುವೆ ಅಂದಾಜು ತಪ್ಪಿದರೆ ಪರಿಷ್ಕೃತ ಆಯವ್ಯಯಕ್ಕೆ ಅವಕಾಶವಿದೆ. ಸೆಪ್ಟೆಂಬರ್ ಅಂತ್ಯದ ವಸೂಲಿ ನೋಡಿಕೊಂಡು ಅಕ್ಟೋಬರ್‌ನಲ್ಲಿ ಒಮ್ಮೆ ಪರಾಮರ್ಶೆ ಮಾಡುವುದೆಂದು ಈಗಲೇ ನಿರ್ಣಯಿಸಿಕೊಂಡರೆ ಮಾರ್ಚ್‌ನ ಗೊಂದಲ ಬಹಳಷ್ಟು ಕಡಿಮೆಯಾದೀತು.

ಅಭ್ಯಾಸಕ್ಕಾಗಿ

ಜನವರಿ ಅಂತ್ಯದೊಳಗೆ ತಮ್ಮ ಪಂಚಾಯತಿಯ ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆಯವ್ಯಯ ಸಭೆಗೆ ತರುವುದು: ಕಳೆದ ಮೂರು ವರ್ಷಗಳ ಕಂದಾಯ ಮತ್ತು ನೀರಿನ ದರದ ಬೇಡಿಕೆ ಹಾಗೂ ವಸೂಲಿ, ಹತ್ತು ದೊಡ್ಡ ಬಾಕಿದಾರರ ಬಾಕಿ ಮೊತ್ತ, ಯೋಜನಾವಾರು ಬ್ಯಾಂಕ್ ಶಿಲ್ಕು, ಕಳೆದ ಡಿಸೆಂಬರ್ ತಿಂಗಳ ಕುಡಿಯುವ ನೀರು ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ಲಿನ ಯೂನಿಟ್ ಮತ್ತು ಮೊತ್ತ, ತಮ್ಮ ವಾರ್ಡಿನ ಕೊಳವೆಬಾವಿ ಡ್ರಮ್ಮು ತುಂಬಲು ತೆಗೆದುಕೊಂಡ ಸೆಕೆಂಡುಗಳು, ಸಿಬ್ಬಂದಿಗೆ ಬಾಕಿಯಿರುವ ವೇತನದ ತಿಂಗಳುಗಳು. ಕೊನೆಯ ಅಂಕಿಯನ್ನು ಕಚೇರಿಯಿಂದಲ್ಲ, ನೀರುಗಂಟಿಯನ್ನೇ ಕೇಳಿ ಬರೆದುಕೊಳ್ಳುವುದು.